ಹರಾಜಿನಲ್ಲಿ ಕೂಗಿದ ಊರು

ಅಮೆರಿಕದಲ್ಲಿ ನಾನು ಎರಡು ಊರುಗಳಲ್ಲಿ ಸಂಸಾರ ಮಾಡಿದ್ದೇನೆ. ಮೊದಲನೆಯದು ರೋಡ್ ಐಲೆಂಡ್ ರಾಜ್ಯದ ಪಟಕೆಟ್. ಎರಡನೆಯದು, ಈಗ ಇರುವುದು, ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್. ಎರಡಕ್ಕೂ ನಡುವೆ ಸುಮಾರು ನಲವತ್ತು ಮೈಲಿ. ಬ್ಲ್ಯಾಕ್‌ಸ್ಟೋನ್ ನದಿ ವುಸ್ಟರಿನಲ್ಲಿ ಹುಟ್ಟಿ ಪಟಕೆಟ್ಟಿಗೆ ಹರಿಯುತ್ತದೆ. ಒಂದು ಕಾಲಕ್ಕೆ ಅದರ ದಂಡೆಯುದ್ದಕ್ಕೂ ಗಿರಣಿಗಳಿದ್ದವು, ಈಗ ಅವುಗಳ ಇಟ್ಟಿಗೆ ಗೋಡೆಗಳಿವೆ. 2018ರ ಏಪ್ರಿಲ್‌ನಲ್ಲಿ ನನ್ನ ಗಂಡನ ಕೆಲಸದ ಸಲುವಾಗಿ ನಾವು ಪಟಕೆಟ್ ಬಿಟ್ಟು ವುಸ್ಟರಿಗೆ ಬಂದೆವು. ನಾಲ್ಕು ತಿಂಗಳು ಕಳೆದು ಆಗಸ್ಟ್ ಬರುವಷ್ಟರಲ್ಲಿ ಪಟಕೆಟ್ಟಿನ ಬೇಸ್‌ಬಾಲ್ ತಂಡವೂ ನಮ್ಮ ಹಿಂದೆಯೇ ಹೊರಟಿದೆ ಎಂಬ ಸುದ್ದಿ ಬಂತು. ನಮ್ಮ ಸಾಮಾನು ಸಾಗಿಸಿದ ಲಾರಿಯ ಬಾಡಿಗೆಯನ್ನು ನಾವೇ ಕೊಟ್ಟಿದ್ದೆವು. ತಂಡಕ್ಕೆ ವುಸ್ಟರ್ ನಗರ ಸಾಲ ಎತ್ತಿ ಹೊಸ ಕ್ರೀಡಾಂಗಣವನ್ನೇ ಕಟ್ಟಿಸಿತು.

ಮೈನರ್ ಲೀಗ್ ತಂಡವೊಂದಕ್ಕೆ ಊರಿನವರ ಹಣದಲ್ಲಿ ಕ್ರೀಡಾಂಗಣ ಕಟ್ಟಿಸಬೇಕೇ ಎನ್ನುವ ಜಗಳ ಈ ದೇಶದ ಮಧ್ಯಮ ಗಾತ್ರದ ಊರುಗಳಲ್ಲಿ ಒಂದಲ್ಲ ಒಂದು ಕಡೆ ನಡೆಯುತ್ತಲೇ ಇರುತ್ತದೆ. ತಂಡ ಕಳೆದುಕೊಂಡ ಊರನ್ನೂ ಪಡೆದುಕೊಂಡ ಊರನ್ನೂ ಒಳಗಿನಿಂದ ನೋಡಿದವಳು ನಾನು. ನನ್ನ ಉತ್ತರ ಬೇಡ ಎನ್ನುವ ಕಡೆಗಿದೆ. ಆದರೆ ಮೊದಲು ಮೆಕಾಯ್ ಕ್ರೀಡಾಂಗಣದ ವಿಷಯ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಆಟದ ರುಚಿಯೇ ಗೊತ್ತಿಲ್ಲದವಳು ಲೆಕ್ಕ ಹಾಕುತ್ತಿದ್ದಾಳೆ ಅಂದುಕೊಂಡೀರಿ.

ಅದಕ್ಕೂ ಮೊದಲು ಬೇಸ್‌ಬಾಲ್ ನೋಡದವರಿಗೆ ಎರಡು ಮಾತು. ಬಾಸ್ಟನ್ ರೆಡ್ ಸಾಕ್ಸ್, ನ್ಯೂಯಾರ್ಕ್ ಯಾಂಕೀಸ್ ಮುಂತಾದ ಮೂವತ್ತು ತಂಡಗಳದ್ದು ಮೇಜರ್ ಲೀಗ್. ಅದರ ಕೆಳಗೆ ಹುಡುಗರನ್ನು ಪಳಗಿಸುವ ಮೈನರ್ ಲೀಗುಗಳು, ಮೆಟ್ಟಿಲು ಮೆಟ್ಟಿಲಾಗಿ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನ ಹೆಸರು ಟ್ರಿಪಲ್-ಎ. ನಮ್ಮ ರಣಜಿ ಇದ್ದ ಹಾಗೆ ತಾನೇ ಎಂದು ಊರಿನವರು ಕೇಳುತ್ತಾರೆ. ಅಲ್ಲ. ರಣಜಿಯಲ್ಲಿ ಕರ್ನಾಟಕ ಗೆದ್ದರೆ ಗೆದ್ದದ್ದು ಕರ್ನಾಟಕವೇ. ಇಲ್ಲಿ ಆಟಗಾರ ಬಾಸ್ಟನ್ನಿನ ಆಳು, ಸಂಬಳ ಕೊಡುವುದು ಬಾಸ್ಟನ್. ಹುಡುಗ ಚೆನ್ನಾಗಿ ಆಡಲು ಶುರುಮಾಡಿದನೋ, ಬಾಸ್ಟನ್ ಕರೆಸಿಕೊಂಡುಬಿಡುತ್ತದೆ. ಊರಿನ ತಂಡದ ಮಾಲೀಕನಿಗೆ ಉಳಿಯುವುದು ಟಿಕೆಟ್ಟು, ಹಾಟ್‌ಡಾಗು, ಬಿಯರು, ಬೇಲಿಯ ಮೇಲಿನ ಜಾಹೀರಾತು. ಸಂಬಳದ ತಲೆನೋವಿಲ್ಲದ ಅಂಗಡಿ. ಆ ಸಂಬಳವಾದರೂ ಎಷ್ಟು ಎನ್ನುತ್ತೀರಿ? ಆಟಗಾರರು ಸಂಘ ಕಟ್ಟಿ 2023ರಲ್ಲಿ ಒಪ್ಪಂದ ಮಾಡಿಕೊಳ್ಳುವವರೆಗೆ ಟ್ರಿಪಲ್-ಎ ಹುಡುಗನ ಕನಿಷ್ಠ ವಾರ್ಷಿಕ ವೇತನ 17,500 ಡಾಲರ್. ಒಪ್ಪಂದದ ನಂತರ 35,800. ವುಸ್ಟರಿನಲ್ಲಿ ಅಷ್ಟರಲ್ಲಿ ಒಂಟಿ ಜೀವ ಬದುಕುವುದೂ ಬಿಗಿ.

ಮೆಕಾಯ್ ಚೆಂದದ ಕಟ್ಟಡವೇನೂ ಆಗಿರಲಿಲ್ಲ. ಮನೆಗಳ ಸಾಲಿನ ನಡುವೆ ಕಾಂಕ್ರೀಟಿನ ಒಂದು ಮುದ್ದೆ. ಪ್ರೇಕ್ಷಕರ ಮೆಟ್ಟಿಲು ಎತ್ತರದಲ್ಲಿ, ಆಟಗಾರರು ಕೂರುವ ಜಾಗ ಅದರ ಕೆಳಗೆ ನೆಲದ ಮಟ್ಟದಲ್ಲಿ. ಹಾಗಾಗಿ ಮೇಲೆ ಕೂತ ಮಕ್ಕಳಿಗೆ ಆಟಗಾರರ ಮುಖ ಕಾಣುತ್ತಿರಲಿಲ್ಲ. ಮಕ್ಕಳು ಸುಮ್ಮನಿರುತ್ತಾರೆಯೇ? ಪ್ಲಾಸ್ಟಿಕ್ಕಿನ ಹಾಲಿನ ಕ್ಯಾನಿನ ಹೊಟ್ಟೆ ಕೊಯ್ದು, ಒಳಗೊಂದು ಚೆಂಡು, ಒಂದು ಪೆನ್ನು ಇಟ್ಟು, ಹಗ್ಗ ಕಟ್ಟಿ ಕೆಳಗೆ ಬಿಡುತ್ತಿದ್ದರು. ಬಾವಿಗೆ ಕೊಡ ಬಿಟ್ಟ ಹಾಗೆ. ಕೆಳಗಿನಿಂದ ಯಾರದೋ ಕೈ ಬಂದು ಚೆಂಡಿನ ಮೇಲೆ ಸಹಿ ಹಾಕಿ ಹಗ್ಗ ಜಗ್ಗುತ್ತಿತ್ತು. ನನ್ನ ಮಗ ಆರು ವರ್ಷದವನಾಗಿದ್ದಾಗ ಹೀಗೆ ಎಳೆದುಕೊಂಡ ಚೆಂಡು ಇನ್ನೂ ನಮ್ಮ ಮನೆಯಲ್ಲಿದೆ. ಸಹಿ ಯಾರದೆಂದು ಇವತ್ತಿಗೂ ಓದಲಾಗಿಲ್ಲ.

ಆ ಮೈದಾನಕ್ಕೆ ಒಂದು ಕಥೆಯಿದೆ, ಪಟಕೆಟ್ಟಿನಲ್ಲಿ ಅದನ್ನು ಹೇಳದೆ ಯಾರೂ ಬಿಡುವುದಿಲ್ಲ. 1981ರ ಏಪ್ರಿಲ್ 18ರ ರಾತ್ರಿ ಪಟಕೆಟ್ಟಿಗೂ ರಾಚೆಸ್ಟರಿಗೂ ಆಟ. ಒಂಬತ್ತು ಇನ್ನಿಂಗ್ಸಿಗೆ ಮುಗಿಯಬೇಕಾದದ್ದು ಸಮವಾಗಿ ನಿಂತು ಮುಗಿಯಲೇ ಇಲ್ಲ. ಚಳಿಗೆ ಆಟಗಾರರು ಮುರಿದ ಬ್ಯಾಟುಗಳನ್ನು ಸುಟ್ಟು ಮೈ ಕಾಯಿಸಿಕೊಂಡರು. 32 ಇನ್ನಿಂಗ್ಸ್ ಆದ ಮೇಲೆ, ಬೆಳಗಿನ ಜಾವ 4 ಗಂಟೆ 7 ನಿಮಿಷಕ್ಕೆ ಆಟ ನಿಲ್ಲಿಸಿದರು. ಆಗ ಅಂಗಳದಲ್ಲಿ ಉಳಿದಿದ್ದ ಪ್ರೇಕ್ಷಕರು 19 ಜನ. ಅವತ್ತು ಈಸ್ಟರ್ ಭಾನುವಾರ. ಜೂನ್ 23ಕ್ಕೆ ಮತ್ತೆ ಶುರುಮಾಡಿದರೆ ಹದಿನೆಂಟು ನಿಮಿಷದಲ್ಲಿ ಪಟಕೆಟ್ 3-2ರಿಂದ ಗೆದ್ದಿತು. ವೃತ್ತಿಪರ ಬೇಸ್‌ಬಾಲ್‌ನಲ್ಲಿ ಅದಕ್ಕಿಂತ ಉದ್ದದ ಆಟ ಇನ್ನೊಂದಿಲ್ಲ. ನಾನು ಕೆಲಸ ಮಾಡುತ್ತಿದ್ದ ಕಡೆ ಮೂವರು ಬೇರೆ ಬೇರೆ ಹಿರಿಯರು ತಾವು ಆ ಹತ್ತೊಂಬತ್ತರಲ್ಲಿ ಒಬ್ಬರು ಎಂದು ನನಗೆ ಹೇಳಿದ್ದರು. ನಾನು ಮೂವರನ್ನೂ ನಂಬಿದ ಹಾಗೆ ತಲೆಯಾಡಿಸಿದ್ದೆ.

ಈ ಮೆಕಾಯ್ ಕೂಡ ಜನರ ಹಣದಲ್ಲೇ ಎದ್ದದ್ದು ಎನ್ನುವುದನ್ನು ನಾನು ಮುಚ್ಚಿಡಬಾರದು. ಆರ್ಥಿಕ ಕುಸಿತದ ಕಾಲದಲ್ಲಿ ಮೇಯರ್ ಥಾಮಸ್ ಮೆಕಾಯ್ ಅವರು ಜೌಗು ಕೆರೆಯೊಂದನ್ನು ಮುಚ್ಚಿಸಿ, ನಿರುದ್ಯೋಗಿಗಳಿಗೆ ಕೆಲಸ ಕೊಡುವ ಸರ್ಕಾರಿ ಯೋಜನೆಯಲ್ಲಿ ಇದನ್ನು ಕಟ್ಟಿಸಿದರು. ಸುರಿದಷ್ಟೂ ಮಣ್ಣನ್ನು ಜೌಗು ನುಂಗಿತು, ಖರ್ಚು ಏರಿತು, ಜನ ಇದಕ್ಕೆ ಮೆಕಾಯ್‌ನ ಹುಚ್ಚಾಟ ಎಂದು ಹೆಸರಿಟ್ಟು ನಕ್ಕರು. 1942ರಲ್ಲಿ ಮುಗಿದ ಆ ಹುಚ್ಚಾಟದಲ್ಲೇ ಮೂರು ತಲೆಮಾರಿನ ಮಕ್ಕಳು ಹಗ್ಗ ಇಳಿಬಿಟ್ಟದ್ದು. ಹಾಗಾದರೆ ವುಸ್ಟರಿನ ಕ್ರೀಡಾಂಗಣದ ಬಗ್ಗೆ ಇಂದು ಗೊಣಗುವವರು ನಾಳೆ ನಗೆಪಾಟಲಾಗುವುದಿಲ್ಲವೇ ಎಂದು ನನ್ನ ಗಂಡ ಕೇಳುತ್ತಾರೆ. ಕೇಳತಕ್ಕ ಮಾತೇ. ಆದರೆ ಮೆಕಾಯ್ ಕಟ್ಟಿದ್ದು ಯಾವುದೋ ತಂಡದ ಮಾಲೀಕರನ್ನು ಒಲಿಸಿಕೊಳ್ಳಲಿಕ್ಕಲ್ಲ. ಕೂಲಿ ಊರಿನವರ ಕೈಗೆ ಸಿಕ್ಕಿತು, ಅಂಗಳ ಊರಿನದಾಯಿತು, ತಂಡಗಳು ಆಮೇಲೆ ಬಂದವು, ಹೋದವು. 1977ರಲ್ಲಿ ದಿವಾಳಿಯಾಗಿದ್ದ ತಂಡವನ್ನು ಬೆನ್ ಮಾಂಡರ್ ಎಂಬ ಗಿರಣಿ ಉದ್ಯಮಿ ಕೊಂಡರು. 2010ರಲ್ಲಿ ತೀರಿಕೊಳ್ಳುವವರೆಗೂ ಅವರು ಅದೇ ಹಳೆಯ ಅಂಗಳದಲ್ಲೇ ಕಾಲ ಹಾಕಿದರು.

2015ರಲ್ಲಿ ತಂಡ ಹೊಸ ಮಾಲೀಕರ ಪಾಲಾಯಿತು. ಅವರಿಗೆ ಹೊಸ ಕ್ರೀಡಾಂಗಣ ಬೇಕಿತ್ತು. ಮೊದಲು ಪಕ್ಕದ ಪ್ರಾವಿಡೆನ್ಸ್ ನಗರದಲ್ಲಿ ಕೇಳಿದರು, ಆಗಲಿಲ್ಲ. ಆಮೇಲೆ ಪಟಕೆಟ್ಟಿನಲ್ಲೇ, ಹಳೆಯ ಸ್ಲೇಟರ್ ಗಿರಣಿಯ ಬಳಿ ಎಂದರು. ಒಟ್ಟು 8.3 ಕೋಟಿ ಡಾಲರ್. ತಂಡದ್ದು 4.5, ರಾಜ್ಯದ್ದು 2.3, ಪಟಕೆಟ್ ನಗರದ್ದು 1.5 ಕೋಟಿ. ಈ ಚರ್ಚೆ ನಡೆಯುತ್ತಿದ್ದಾಗಲೇ ಊರಿನ ಮೆಮೋರಿಯಲ್ ಆಸ್ಪತ್ರೆ ಮುಚ್ಚಿತು. ನಾನು ಹೆತ್ತದ್ದು ಅಲ್ಲಿ. ಬಸ್ಸಿನಲ್ಲಿ ಜನ ಎರಡೂ ಸುದ್ದಿಗಳನ್ನು ಒಂದೇ ಉಸಿರಿನಲ್ಲಿ ಮಾತಾಡುತ್ತಿದ್ದರು. 2018ರ ಜೂನ್‌ನಲ್ಲಿ ರಾಜ್ಯದ ಶಾಸನಸಭೆ ಒಪ್ಪಿಗೆಯನ್ನೇನೋ ಕೊಟ್ಟಿತು, ಆದರೆ ಒಂದು ಕೊಕ್ಕೆ ಹಾಕಿ. ನಿರೀಕ್ಷಿಸಿದ ಆದಾಯ ಬಾರದೆ ಹೋದರೆ ಸಾಲಕ್ಕೆ ರಾಜ್ಯ ಜಾಮೀನು ನಿಲ್ಲುವುದಿಲ್ಲ ಎಂಬುದು ಆ ಕೊಕ್ಕೆ. ಎರಡೇ ತಿಂಗಳಲ್ಲಿ ತಂಡ ವುಸ್ಟರಿನ ಕೈ ಹಿಡಿಯಿತು. ಹಣದ ಮೊತ್ತಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಇದು. ಕ್ರೀಡಾಂಗಣ ಖಂಡಿತ ಲಾಭ ತರುತ್ತದೆ ಎಂದು ಮೂರು ವರ್ಷ ಹೇಳಿಕೊಂಡು ಬಂದವರು, ಹಾಗಾದರೆ ನಷ್ಟದ ಹೊಣೆ ನಿಮಗಿರಲಿ ಎಂದ ಕೂಡಲೇ ಚಪ್ಪಲಿ ಮೆಟ್ಟಿಕೊಂಡರು.

ವುಸ್ಟರ್ ಹೊಣೆ ಹೊತ್ತಿತು. ಅದಕ್ಕೊಂದು ಹಳೆಯ ಹಸಿವೂ ಇತ್ತು. 1880ರ ಸುಮಾರಿನಲ್ಲಿ ಈ ಊರಿಗೆ ದೊಡ್ಡ ಲೀಗಿನ ತಂಡವೇ ಇತ್ತು, 1882ಕ್ಕೆ ಅದು ಕೈತಪ್ಪಿತು. ಬಾಸ್ಟನ್ನಿನ ನೆರಳಲ್ಲಿ ಬಾಳುವ, ಎರಡು ಲಕ್ಷ ಚಿಲ್ಲರೆ ಜನಸಂಖ್ಯೆಯ ಊರಿಗೆ ಹೆಸರು ಬೇಕಿತ್ತು. ಬಂದ್ ಆದ ಕಾರ್ಖಾನೆಯ ಜಾಗದಲ್ಲಿ ಕ್ರೀಡಾಂಗಣ, ಸುತ್ತ ಹೋಟೆಲು, ಮನೆಗಳು ಎಂದು ನಕ್ಷೆ ತೋರಿಸಿದರು. 2018ರಲ್ಲಿ ಸುಮಾರು 10 ಕೋಟಿ ಡಾಲರ್ ಎಂದದ್ದು, 2021ರ ಮೇ 11ರಂದು ಪೋಲಾರ್ ಪಾರ್ಕ್ ಬಾಗಿಲು ತೆರೆಯುವ ಹೊತ್ತಿಗೆ 16 ಕೋಟಿಯ ಆಸುಪಾಸಿಗೆ ಬಂದಿತ್ತು. ತಂಡದ ಪಾಲೂ ಇದೆ, ಬಹುಪಾಲು ಮಾತ್ರ ನಗರದ ಹೆಸರಿನ ಸಾಲ. (ಪೋಲಾರ್ ಎನ್ನುವುದು ಊರಿನದೇ ಸೋಡಾ ಕಂಪನಿ. ಅದರ ಶುಂಠಿ ಸೋಡಾ ನಿಜಕ್ಕೂ ಚೆನ್ನಾಗಿದೆ.)

ತೆರಿಗೆದಾರರ ಮೇಲೆ ಒಂದು ಪೈಸೆಯ ಹೊರೆಯೂ ಬೀಳುವುದಿಲ್ಲ ಎನ್ನುವುದು ಇಂಥ ಯೋಜನೆಗಳಲ್ಲಿ ಯಾವಾಗಲೂ ಕೇಳುವ ಮಾತು. ಅದರ ಹಿಂದಿನ ಲೆಕ್ಕ ಹೀಗೆ. ಕ್ರೀಡಾಂಗಣದ ಸುತ್ತ ಒಂದು ಗೆರೆ ಎಳೆಯುತ್ತಾರೆ. ಗೆರೆಯೊಳಗೆ ಹೊಸ ಕಟ್ಟಡಗಳೆದ್ದು ಆಸ್ತಿಯ ಬೆಲೆ ಏರಿದರೆ ಹೆಚ್ಚುವರಿ ತೆರಿಗೆ ಬರುತ್ತದೆ. ಆ ಹೆಚ್ಚುವರಿಯಿಂದಲೂ ತಂಡ ಕೊಡುವ ಬಾಡಿಗೆಯಿಂದಲೂ ಸಾಲದ ಕಂತು ಕಟ್ಟುತ್ತಾರೆ. ಕೇಳಲು ಚೆನ್ನಾಗಿದೆ. ನಾವು ಆಗ ಇದ್ದದ್ದು ಆ ಗೆರೆಯಿಂದ ಎರಡು ಬೀದಿ ಆಚೆ, ಗ್ರೀನ್ ಐಲೆಂಡ್ ಎನ್ನುವ ಬಡಾವಣೆಯಲ್ಲಿ. ಒಂದರ ಮೇಲೊಂದು ಮೂರು ಮನೆಗಳಿರುವ ಮರದ ಕಟ್ಟಡ, ಈ ಊರಿನ ತುಂಬ ಅಂಥವೇ. ನಡುವಿನದರಲ್ಲಿ ನಾವು. ಕೆಳಗಿನದರಲ್ಲಿ ಪೋಲಿಷ್ ಮೂಲದ ಅಜ್ಜಿಯೊಬ್ಬರು. ನನ್ನ ಮಗ ಅವರನ್ನು ಅವರ ಭಾಷೆಯಲ್ಲೇ ಬಾಬ್ಚಿ ಎನ್ನುತ್ತಿದ್ದ. ಅವರು ಹುಟ್ಟಿದ್ದು ಅದೇ ಬೀದಿಯಲ್ಲಿ. ನಗರದವರು ಹಂಚಿದ್ದ ಯೋಜನೆಯ ಕರಪತ್ರವನ್ನು ಒಂದು ಸಂಜೆ ಅವರ ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಓದುತ್ತಿದ್ದೆವು. ಗೆರೆಯೊಳಗಿನ ಬೆಲೆ ಏರದಿದ್ದರೆ ಸಾಲ ತೀರುವುದಿಲ್ಲ, ಅಲ್ಲವೇ ಎಂದರು. ಹೌದು ಎಂದೆ. ಬೆಲೆ ಏರಿದರೆ ನನ್ನ ಬಾಡಿಗೆ ಏರದೆ ಇರುತ್ತದೆಯೇ ಎಂದರು. ನಾನು ಕರಪತ್ರವನ್ನು ಮತ್ತೊಮ್ಮೆ ತಿರುವಿ ಹಾಕಿದೆ. ಆ ಪ್ರಶ್ನೆಗೆ ಅದರಲ್ಲಿ ಜಾಗವಿರಲಿಲ್ಲ.

ಯೋಜನೆ ಸೋತರೆ ಸಾಲ ಊರಿನ ತಲೆಗೆ, ಗೆದ್ದರೆ ಬಾಡಿಗೆ ಅಜ್ಜಿಯ ತಲೆಗೆ. ಮನೆಯ ಮಾಲೀಕ 2021ರಲ್ಲಿ ಕಟ್ಟಡ ಮಾರಿದ. ಕೊಂಡವರು ದುರಸ್ತಿ ಮಾಡಿಸಿ ಬಾಡಿಗೆ ಏರಿಸಿದರು. ಇದಕ್ಕೆಲ್ಲ ಕ್ರೀಡಾಂಗಣವೇ ಕಾರಣ ಎಂದು ನಾನು ಪ್ರಮಾಣ ಮಾಡಲಾರೆ. ಆ ವರ್ಷಗಳಲ್ಲಿ ಇಡೀ ರಾಜ್ಯದಲ್ಲೇ ಬಾಡಿಗೆ ಏರಿತು. ಆದರೆ ಮನೆ ಮಾರಾಟದ ಜಾಹೀರಾತಿನ ಮೊದಲ ಸಾಲಿನಲ್ಲೇ ಪೋಲಾರ್ ಪಾರ್ಕ್‌ಗೆ ಐದು ನಿಮಿಷದ ನಡಿಗೆ ಎಂದು ಬರೆದಿತ್ತು. ಬಾಬ್ಚಿ ಸೋದರಸೊಸೆಯ ಮನೆಗೆ, ಬೇರೆ ಊರಿಗೆ ಹೋದರು. ನಾವು ಸಾಲ ಮಾಡಿ ಊರಿನ ಇನ್ನೊಂದು ತುದಿಯಲ್ಲಿ ಚಿಕ್ಕ ಮನೆ ಕೊಂಡೆವು. ನಮಗೆ ಎರಡು ಸಂಬಳ ಇತ್ತು, ಅವರಿಗೆ ಒಂದು ಪಿಂಚಣಿ.

2022ರ ಬೇಸಿಗೆಯಲ್ಲಿ ಅಪ್ಪ ತಿಪಟೂರಿನಿಂದ ಬಂದರು. ಪುರಸಭೆಯ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಸಂತೆ ಸುಂಕದ ಹರಾಜು, ಬಸ್ ನಿಲ್ದಾಣದ ಮಳಿಗೆಗಳ ಹರಾಜು, ಎಲ್ಲದರ ಕಡತಗಳೂ ಅವರ ಕೈಮೇಲೆ ಹೋದಂಥವು. ಮೊಮ್ಮಗನ ಒತ್ತಾಯಕ್ಕೆ ಪೋಲಾರ್ ಪಾರ್ಕ್‌ಗೆ ಹೋದೆವು. ಹಸಿರು ಹುಲ್ಲು, ಬಿಸಿಲು ಇಳಿಯುವ ಹೊತ್ತು, ಬೇಲಿಯಾಚೆ ರೈಲು ಹೋಗುತ್ತಿತ್ತು. ಅಪ್ಪ ಟೊಪ್ಪಿಗೆ ಹಾಕಿಕೊಂಡು ಕಡಲೆಕಾಯಿ ಸುಲಿಯುತ್ತ ಕೂತರು. ಚೆಂಡು ಮೇಲೆ ಹಾರಿದಾಗಲೆಲ್ಲ ಕ್ಯಾಚ್ ಕ್ಯಾಚ್ ಎಂದು ಕೂಗುತ್ತಿದ್ದರು. ನಾಲ್ಕನೇ ಇನ್ನಿಂಗ್ಸಿನ ಹೊತ್ತಿಗೆ ಕೇಳಿದರು:

"ಈ ಮೈದಾನ ಯಾರದಮ್ಮ?"

"ನಗರಸಭೆದು ಅಪ್ಪ."

"ತಂಡ?"

"ಖಾಸಗಿಯವರದು. ದೀರ್ಘಾವಧಿಯ ಕರಾರು."

"ಸರಿ. ಹರಾಜಲ್ಲಿ ಎಷ್ಟು ಜನ ಕೂಗಿದ್ರು?"

"ತಂಡದವರು ಕೂಗಲಿಲ್ಲ ಅಪ್ಪ. ಊರುಗಳೇ ಕೂಗಿದ್ದು."

ಅವರು ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿದರು. "ಅಲ್ಲಮ್ಮ, ಮಳಿಗೆ ಕಟ್ಟಿಸಿದ್ದು ಪುರಸಭೆ. ಠೇವಣಿ ಕೊಟ್ಟಿದ್ದೂ ಪುರಸಭೆನೇ ಅಂದಂಗಾಯ್ತಲ್ಲ. ಆಡಿಟ್ನೋರು ಒಪ್ಪಿದ್ರಾ?"

ನಾನು ಎಷ್ಟೋ ಲೇಖನಗಳನ್ನು ಓದಿ ತಿಳಿದುಕೊಂಡದ್ದನ್ನು ಅಪ್ಪ ಒಂದು ಪೊಟ್ಟಣ ಕಡಲೆಕಾಯಿ ಮುಗಿಯುವುದರೊಳಗೆ ಕಂಡುಕೊಂಡಿದ್ದರು. ತಿಪಟೂರಿನಲ್ಲಿ ಮಳಿಗೆ ಕಡಿಮೆ, ಅಂಗಡಿ ಇಡುವವರು ಜಾಸ್ತಿ; ಹಾಗಾಗಿ ಅಂಗಡಿಯವರು ಕೂಗುತ್ತಾರೆ. ಇಲ್ಲಿ ಊರುಗಳು ಜಾಸ್ತಿ, ತಂಡಗಳು ಕಡಿಮೆ. ಕಡಿಮೆ ಇರುವುದು ತಾನಾಗಿ ಅಲ್ಲ. ಏಕಸ್ವಾಮ್ಯ ತಡೆಯುವ ಕಾನೂನು ಬೇಸ್‌ಬಾಲಿಗೆ ಅನ್ವಯಿಸುವುದಿಲ್ಲ ಎಂದು ಈ ದೇಶದ ಸುಪ್ರೀಂ ಕೋರ್ಟ್ 1922ರಲ್ಲೇ ಹೇಳಿಬಿಟ್ಟಿದೆ. ಎಷ್ಟು ತಂಡಗಳಿರಬೇಕು, ಎಲ್ಲಿರಬೇಕು ಎಂಬುದು ಲೀಗಿನವರ ಮರ್ಜಿ. 2020ರ ಕೊನೆಯಲ್ಲಿ ಅವರು ಮೈನರ್ ಲೀಗುಗಳನ್ನೇ ಕೈಗೆ ತೆಗೆದುಕೊಂಡು, ಸುಮಾರು 160 ಇದ್ದ ತಂಡಗಳನ್ನು 120ಕ್ಕೆ ಇಳಿಸಿದರು. ನಮ್ಮ ರಾಜ್ಯದ್ದೇ ಇನ್ನೊಂದು ಗಿರಣಿ ಊರು ಲೋವೆಲ್, ಅದರ ತಂಡ ಹೀಗೆ ಕೊಚ್ಚಿಹೋಯಿತು. ಉಳಿದ ಊರುಗಳಿಗೆ ದೀಪ, ಹುಲ್ಲು, ಬಟ್ಟೆ ಬದಲಿಸುವ ಕೋಣೆ ಎಲ್ಲದಕ್ಕೂ ಹೊಸ ಮಾನದಂಡಗಳ ಪಟ್ಟಿ ಬಂತು. ಪಟ್ಟಿ ಮಾಡಿದವರು ಲೀಗಿನವರು, ಖರ್ಚು ಬಹಳ ಕಡೆ ಊರಿನದು. ಲೋವೆಲ್ಲಿನ ಗತಿ ಕಣ್ಣೆದುರಿಗಿರುವಾಗ ಯಾವ ನಗರಸಭೆ ಬೇಡ ಎನ್ನುತ್ತದೆ?

ಅರ್ಥಶಾಸ್ತ್ರಜ್ಞರು ಒಂದು ವಿಷಯದಲ್ಲಿ ಹತ್ತಿರ ಹತ್ತಿರ ಒಮ್ಮತಕ್ಕೆ ಬರುವುದು ಅಪರೂಪ. ಕ್ರೀಡಾಂಗಣದ ವಿಷಯದಲ್ಲಿ ಬಂದಿದ್ದಾರೆ. ಅದು ಊರಿನ ಆದಾಯವನ್ನು ಗಮನಾರ್ಹವಾಗಿ ಹೆಚ್ಚಿಸುವುದಿಲ್ಲ. ನಮ್ಮ ಮನೆಯದೇ ನೋಡಿ. ಆ ಸಂಜೆ ನಾವು ನಾಲ್ಕು ಜನ ಪೋಲಾರ್ ಪಾರ್ಕಿನಲ್ಲಿ ಕಳೆದ ಹಣವನ್ನು ಬೇರೆ ಸಂಜೆಯಾಗಿದ್ದರೆ ಶ್ರೂಸ್‌ಬರಿ ಬೀದಿಯ ಯಾವುದೋ ಹೋಟೆಲಿನಲ್ಲಿ ಕಳೆಯುತ್ತಿದ್ದೆವು. ಹಣ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋಯಿತು, ಅಷ್ಟೆ. ತವರಿನಲ್ಲಿ ನಡೆಯುವ ಆಟಗಳು ವರ್ಷಕ್ಕೆ 75. ಮಿಕ್ಕ ಬಹುಪಾಲು ದಿನ ಗೇಟಿಗೆ ಬೀಗ. ಈ ವಿಷಯದಲ್ಲಿ ದೇಶದಲ್ಲೇ ಹೆಸರಾದ ವಿಕ್ಟರ್ ಮ್ಯಾಥಿಸನ್ ಎಂಬ ಸಂದೇಹವಾದಿ ಪಾಠ ಹೇಳುವುದು ವುಸ್ಟರಿನ ಹೋಲಿ ಕ್ರಾಸ್ ಕಾಲೇಜಿನಲ್ಲಿ. ಇನ್ನೊಬ್ಬ ಪ್ರಸಿದ್ಧ ಸಂದೇಹವಾದಿ ಆಂಡ್ರ್ಯೂ ಜಿಂಬಲಿಸ್ಟ್ ಅವರನ್ನು ನಗರವೇ ಸಲಹೆಗಾರರನ್ನಾಗಿ ಇಟ್ಟುಕೊಂಡಿತ್ತು. ಅವರಿಗೆ ಈ ಒಪ್ಪಂದ ಮಿಕ್ಕವಕ್ಕಿಂತ ವಾಸಿ ಎನಿಸಿತು. ಮಿಕ್ಕವು ಹೇಗಿದ್ದವೆಂದರೆ, ಪಕ್ಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡಿನಲ್ಲಿ ಕ್ರೀಡಾಂಗಣ ಸಮಯಕ್ಕೆ ಮುಗಿಯದೆ 2016ರ ಇಡೀ ಋತುವನ್ನು ತಂಡ ಊರೂರು ಅಲೆಯುತ್ತ ಆಡಿತು. ಮರುವರ್ಷ ಆ ನಗರ ದಿವಾಳಿಯ ಅಂಚಿನಲ್ಲಿತ್ತು.

ಗ್ರಂಥಾಲಯ ಲಾಭ ತರುತ್ತದೆಯೇ, ಉದ್ಯಾನ ತರುತ್ತದೆಯೇ, ಸಂತೋಷಕ್ಕೂ ಬೆಲೆಯಿಲ್ಲವೇ ಎಂದು ನನ್ನ ಗಂಡ ವಾದಿಸುತ್ತಾರೆ. ಇದೆ. ಅಪ್ಪ ಕ್ಯಾಚ್ ಎಂದು ಕೂಗಿದ ಆ ಸಂಜೆಗೆ ನಾನು ಬೆಲೆ ಕಟ್ಟಲಾರೆ. ಸಂತೋಷಕ್ಕಾಗಿ ಇಷ್ಟು ಖರ್ಚು ಮಾಡುತ್ತೇವೆ, ಇದು ತಿರುಗಿ ಬರುವುದಿಲ್ಲ, ಒಪ್ಪುತ್ತೀರಾ ಎಂದು ಊರನ್ನು ನೇರವಾಗಿ ಕೇಳಿದ್ದರೆ ಪ್ರಾಯಶಃ ನಾನೂ ಕೈ ಎತ್ತುತ್ತಿದ್ದೆ. ಆದರೆ ಗ್ರಂಥಾಲಯ ಪಕ್ಕದ ಊರಿನವರು ಹೊಸ ಕಪಾಟು ಕೊಡುತ್ತಾರೆಂದು ಎದ್ದು ಹೋಗುವುದಿಲ್ಲ. ಅದನ್ನು ಯಾರೂ ಮಾರಿ ದುಡ್ಡು ಮಾಡಿಕೊಳ್ಳುವುದಿಲ್ಲ. ತಂಡವನ್ನು ವುಸ್ಟರಿಗೆ ತಂದ ಮಾಲೀಕರ ಗುಂಪು, ಕ್ರೀಡಾಂಗಣ ತೆರೆದು ಮೂರು ವರ್ಷವೂ ಆಗುವ ಮೊದಲೇ, 2023ರ ಕೊನೆಯಲ್ಲಿ, ಡೈಮಂಡ್ ಬೇಸ್‌ಬಾಲ್ ಹೋಲ್ಡಿಂಗ್ಸ್ ಎಂಬ ಕಂಪನಿಗೆ ಅದನ್ನು ಮಾರುವುದಾಗಿ ಪ್ರಕಟಿಸಿತು. ದೇಶದ ಉದ್ದಗಲಕ್ಕೂ ಇಂಥ ಹತ್ತಾರು ತಂಡಗಳನ್ನು ಕೊಂಡಿಟ್ಟುಕೊಂಡಿರುವ ಕಂಪನಿ ಅದು. ಹಳೆಯ ಮೆಕಾಯ್‌ನಲ್ಲಿ ಆಡುವ ತಂಡಕ್ಕೂ ಹೊಚ್ಚ ಹೊಸ ಕ್ರೀಡಾಂಗಣದಲ್ಲಿ ದೀರ್ಘಾವಧಿಯ ಕರಾರು ಇರುವ ತಂಡಕ್ಕೂ ಮಾರುಕಟ್ಟೆಯಲ್ಲಿ ಒಂದೇ ಬೆಲೆ ಬರುವುದಿಲ್ಲ. ಆ ವ್ಯತ್ಯಾಸ ಊರಿನ ಸಾಲದಿಂದ ಹುಟ್ಟಿದ್ದು, ಹೋದದ್ದು ಮಾರಿದವರ ಜೇಬಿಗೆ.

ಪಟಕೆಟ್ಟಿಗೆ ಈಚೆಗೆ ಹೋಗಿದ್ದೆ. ತಂಡದ ಕೊನೆಯ ವರ್ಷಕ್ಕೆಂದು ಊರು ಕಾದಿಟ್ಟಿದ್ದ 2020ರ ಋತುವನ್ನು ಕೊರೋನಾ ನುಂಗಿತು. ಹೋಗಿಬನ್ನಿ ಎಂದು ಹೇಳುವ ಒಂದು ಆಟವೂ ನಡೆಯಲಿಲ್ಲ. ಮೆಕಾಯ್ ಈಗ ಇಲ್ಲ. ಕೆಡವಿ ಆ ಜಾಗವನ್ನು ಊರಿನ ಹೊಸ ಹೈಸ್ಕೂಲಿಗೆ ಕೊಟ್ಟಿದ್ದಾರೆ. ಒಳ್ಳೆಯದೇ ಆಯಿತು ಅಂದುಕೊಳ್ಳುವಷ್ಟರಲ್ಲಿ ನದಿಯ ದಂಡೆಯಲ್ಲಿ ಇನ್ನೊಂದು ಹೊಸ ಕ್ರೀಡಾಂಗಣ ಕಾಣಿಸಿತು. ಇದು ಫುಟ್‌ಬಾಲಿಗೆ, 2025ರ ಮೇ ತಿಂಗಳಲ್ಲಿ ತೆರೆದದ್ದು. ಇದಕ್ಕೂ ಸರ್ಕಾರದ ಹಣವಿದೆ. ಜಾಮೀನು ನಿಲ್ಲೆವು ಎಂದು ಬೆನ್ನು ನೆಟ್ಟಗೆ ಮಾಡಿದ್ದ ರಾಜ್ಯವೇ, ಕಳೆದುಕೊಂಡ ಊರು ಎನಿಸಿಕೊಂಡು ಎಷ್ಟು ದಿನ ಇರುವುದೆಂದು ಬಗ್ಗಿತು.

ವುಸ್ಟರಿನ ಕೌನ್ಸಿಲ್ ಸಭೆಯಲ್ಲಿ ಯಾವ ನಿವಾಸಿ ಬೇಕಾದರೂ ಎದ್ದು ಎರಡು ನಿಮಿಷ ಮಾತಾಡಬಹುದು. ಹೋದ ಚಳಿಗಾಲದಲ್ಲಿ ನಾನೂ ಹೋದೆ. ಕ್ರೀಡಾಂಗಣ ಕಟ್ಟಿಯಾಗಿದೆ, ಕೆಡವಿ ಎಂದು ಹೇಳಲು ಬಂದಿಲ್ಲ ಎಂದೆ. ಕೇಳಿದ್ದು ಒಂದೇ. ನಮ್ಮ ಮನೆಗಳಿಗೆ ಬರುವ ಆಸ್ತಿ ತೆರಿಗೆಯ ಚೀಟಿಯ ಜೊತೆಗೆ ವರ್ಷಕ್ಕೊಮ್ಮೆ ಅರ್ಧ ಹಾಳೆ ಇಡಿ. ತಂಡದಿಂದ ಬಂದ ಬಾಡಿಗೆ ಇಷ್ಟು, ಗೆರೆಯೊಳಗಿನ ಹೆಚ್ಚುವರಿ ತೆರಿಗೆ ಇಷ್ಟು, ಕಟ್ಟಿದ ಕಂತು ಇಷ್ಟು, ಉಳಿದ ಸಾಲ ಇಷ್ಟು. ಕೆಳಗೆ ಇನ್ನೊಂದು ಸಾಲು: ಸುತ್ತಲಿನ ಬಡಾವಣೆಯಲ್ಲಿ ಹತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ಇದ್ದ ಬಾಡಿಗೆದಾರರಲ್ಲಿ ಈಗ ಉಳಿದವರು ಎಷ್ಟು. ಅಷ್ಟು ಹೇಳುವುದರೊಳಗೆ ಗಂಟೆ ಬಾರಿಸಿತು. ಅಧ್ಯಕ್ಷರು ಧನ್ಯವಾದ ಹೇಳಿ ಮುಂದಿನವರನ್ನು ಕರೆದರು. ಅವರು ತಮ್ಮ ಬೀದಿಯ ಹಿಮ ಇನ್ನೂ ತೆಗೆದಿಲ್ಲ ಎಂದು ಶುರುಮಾಡಿದರು.